ಖಾಲಿ ಬಟ್ಟಲು

ಚಂದ್ರನ ಮಣ್ಣಿನ ಪಕ್ಕದಲ್ಲಿ ಒಂದು ಖಾಲಿ ಬಟ್ಟಲನ್ನು ತೆರೆದಿಡುವುದು ನಮ್ಮ ಪ್ರಯೋಗಾಲಯದ ಪದ್ಧತಿಯಾಗಿತ್ತು. ಮಣ್ಣಿನಲ್ಲಿ ಕಂಡದ್ದು ಆ ಬಟ್ಟಲಿನಲ್ಲೂ ಕಂಡರೆ ಅದು ಚಂದ್ರನದಲ್ಲ, ನಮ್ಮದು. ಯಾರದೋ ಕೂದಲು, ಅಂಗಿಯ ನೂಲು. ಅಂಥದ್ದನ್ನು ಪುಟ್ಟ ಶೀಶೆಗೆ ಹಾಕಿ, ಏನೆಂದು ಮೇಲೆ ಬರೆದು, 'ನಮ್ಮದು' ಎಂಬ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು.

ಮನುಷ್ಯರಿಲ್ಲದ ಯಂತ್ರವೊಂದು ಚಂದ್ರನ ಮೇಲಿಳಿದು, ನೆಲ ಕೆದಕಿ, ಒಂದು ಬೊಗಸೆ ಮಣ್ಣು ಹೊತ್ತು ಮರಳಿದ ವಾರವೇ ನನ್ನ ಅವ್ವ ತೀರಿಕೊಂಡಳು. ಅವಳಿಗೆ ನಾನೊಬ್ಬಳೇ ಮಗಳು. ಮೂರನೆಯ ದಿನ ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ, ಬೂದಿಯನ್ನು ಕೈಯಾರೆ ಬಳಿದು ಹೊಳೆಗೆ ಬಿಟ್ಟೆ. ಅಳು ಬರಲಿಲ್ಲ. ನೀರು ತಣ್ಣಗಿದೆ ಎಂದಷ್ಟೇ ಅನ್ನಿಸಿತು. ಆಮೇಲೆ ಕೈಗಡಿಯಾರ ಬಿಚ್ಚಿಟ್ಟು ಸ್ನಾನ ಮಾಡಿ, ಅದನ್ನೇ ಮತ್ತೆ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಅಂದು ಮಣ್ಣಿನ ಡಬ್ಬಿ ತೆರೆಯುವ ದಿನ.

"ಸೂತಕದಾಗ ಯಾಕ ಬಂದಿ?" ಎಂದರು ನಮ್ಮ ಮುಖ್ಯಸ್ಥರಾದ ಉಪಾಧ್ಯೆ.

"ಮನ್ಯಾಗ ಕುಂತು ಏನ್ ಮಾಡ್ಲಿ ಸರ್?"

ಕುಂಚ, ಚಮಚ, ಬಟ್ಟಲುಗಳನ್ನು ತೊಳೆದು, ಮಣ್ಣು ತೆರೆಯುವ ಗಾಜಿನ ಪೆಟ್ಟಿಗೆಯೊಳಗೆ ಕಳಿಸುವುದು ನನ್ನ ಕೆಲಸ. ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದುದರಿಂದ ತಲೆ ಎಲ್ಲಿದ್ದರೂ ಕೈ ತಾನಾಗಿ ನಡೆಯುತ್ತಿತ್ತು.

ಎರಡು ದಿನ ಕಳೆದ ಮೇಲೆ ಉಪಾಧ್ಯೆಯವರು ಸೂಕ್ಷ್ಮದರ್ಶಕದ ಮುಂದಿನಿಂದ ಕೂಗಿದರು. "ಬಾ ಇಲ್ಲೆ! ಇಂಥಾದ್ದು ನಾ ಎಂದೂ ಕಂಡಿಲ್ಲ." ಕಪ್ಪು ಮಣ್ಣಿನ ನಡುವೆ ಒಂದು ಬಿಳಿ ಕಣವಿತ್ತು. ಸುಣ್ಣ ಮತ್ತು ರಂಜಕ ತುಂಬಿದ ಕಣ. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಮೂವತ್ತು ವರ್ಷ ದುಡಿದರೂ ತಮ್ಮದೆಂದು ಹೇಳಿಕೊಳ್ಳುವ ಒಂದು ಶೋಧವೂ ಅವರಿಗೆ ದಕ್ಕಿರಲಿಲ್ಲ. "ಬಟ್ಟಲಾ ಒಂದು ನೋಡಿಬಿಡು, ಬರದ ಕಳಿಸೋಣು" ಎಂದರು.

ಬಟ್ಟಲನ್ನು ನೋಡಿದೆ. ಅಂಥದೇ ಎರಡು ಕಣಗಳು ಅಲ್ಲಿಯೂ ಇದ್ದವು. ನನ್ನ ಮಣಿಕಟ್ಟಿನತ್ತ ಕಣ್ಣು ಹೋಯಿತು. ಗಡಿಯಾರ ಬಿಚ್ಚದೆ ಒಳಗೆ ಬರಬಾರದೆಂಬುದು ಮೊದಲ ನಿಯಮ. ಹತ್ತು ವರ್ಷದಲ್ಲಿ ಒಮ್ಮೆಯೂ ಮರೆಯದ ಅದನ್ನು ಈ ಮೂರು ದಿನವೂ ಮರೆತಿದ್ದೆ. ಪಟ್ಟಿಯ ತೂತುಗಳಲ್ಲಿ ಬೂದಿ ಮೆತ್ತಿಕೊಂಡಿತ್ತು. ಸುಟ್ಟ ಎಲುಬಿನಲ್ಲಿರುವುದೂ ಅದೇ ಸುಣ್ಣ, ಅದೇ ರಂಜಕ.

ಬಟ್ಟಲನ್ನು ಒಮ್ಮೆ ಒರೆಸಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವರಿಗೆ ಅವರ ಶೋಧ ಉಳಿಯುತ್ತಿತ್ತು. ಹಾಗೆ ಮಾಡಲು ನನಗೆ ಹೆದರಿಕೆಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಆದರೆ ಅವ್ವನನ್ನು ಬಟ್ಟೆಯಲ್ಲಿ ಒರೆಸಿ ಕಸಕ್ಕೆ ಹಾಕಲು ಮಾತ್ರ ಕೈ ಏಳಲಿಲ್ಲ.

"ಬಟ್ಟಲದಾಗೂ ಐತ್ರಿ ಸರ್" ಎಂದೆ. "ನಮ್ಮ ಅವ್ವನ ಬೂದಿರಿ. ನನ್ನ ಗಡಿಯಾರದ ಪಟ್ಟಿಯಿಂದ ಉದುರೇತಿ."

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಸೂಜಿಯ ತುದಿಯಿಂದ ಮೂರೂ ಕಣಗಳನ್ನು ತಾವೇ ಎತ್ತಿ ಶೀಶೆಗೆ ಹಾಕಿದರು. ಚೀಟಿಯ ಮೇಲೆ ದಿನಾಂಕ ಬರೆದು, ಪೆನ್ನು ಹಾಗೆಯೇ ಹಿಡಿದು ಕೇಳಿದರು.

"ಅವ್ವನ ಹೆಸರೇನು?"

"ತುಳಸವ್ವ."

ಕೂದಲು, ನೂಲು ಎಂದು ಬರೆಯುತ್ತಿದ್ದ ಜಾಗದಲ್ಲಿ ಅವರು ಆ ಹೆಸರನ್ನು ದುಂಡಗೆ ಬರೆದರು. ಶೀಶೆಯನ್ನು 'ನಮ್ಮದು' ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಮುಚ್ಚಿದರು. ನಾನು ಗಡಿಯಾರ ಬಿಚ್ಚಿ ಹೊರಗಿಟ್ಟು, ಕೈ ತೊಳೆದು ಬಂದು, ಚಂದ್ರನ ಮಣ್ಣಿನ ಪಕ್ಕದಲ್ಲಿ ಇನ್ನೊಂದು ಖಾಲಿ ಬಟ್ಟಲು ತೆರೆದಿಟ್ಟೆ.