ತರಗಿನ ಮೇಲೆ ಬಿಳಿ ಹೊಗೆ

ಬೆಳಿಗ್ಗೆ ಹತ್ತೂಕಾಲಿಗೆ ಹುಲ್ಲಹಳ್ಳಿಯ ಮೇಲೆ ರಾಕೆಟ್ ಕಂಪನಿಯ ಪುಟ್ಟ ವಿಮಾನ ಬಲಕ್ಕೆ ವಾಲಿತು. ಒಳಗೆ ಮನುಷ್ಯರಿಲ್ಲ, ಉದ್ದ ಎರಡು ಆಳು. ಮುಂದೊಂದು ದಿನ ಬಾಹ್ಯಾಕಾಶಕ್ಕೆ ಹೋಗಿ ಮತ್ತೆ ರನ್‌ವೇಗೇ ಬಂದಿಳಿಯಬೇಕಾದ ದೊಡ್ಡ ವಿಮಾನಕ್ಕೆ ಇದು ಮರಿ. ರಾಕೆಟ್ಟುಗಳಿಗೆ ಹಿಂದೆ ಗಂಟೆಯಂಥ ಬಾಯಿ ಇರುತ್ತದಲ್ಲ, ಇದಕ್ಕೆ ಅದಿರಲಿಲ್ಲ; ಒಂದು ತಾಮ್ರದ ಮೊನೆ, ಅದರ ಮೈಯನ್ನು ಹೊರಗಿನಿಂದ ಸವರಿಕೊಂಡು ಹರಿಯುವ ಬೆಂಕಿ. ಆ ಮೊನೆ ಕೂರಿಸಿದ ಫಿಟ್ಟರ್ ಕಾಂತರಾಜು. ಬೆಂಕಿ ಒಂದೇ ಪಕ್ಕಕ್ಕೆ ಹತ್ತಿದ್ದು ಅವನಿಗೆ ನೆಲದಿಂದಲೇ ಕಂಡಿತು. ಮೂರನೆಯ ಸೆಕೆಂಡಿಗೆ ಎಂಜಿನ್ ಆರಿತು. ವಿಮಾನ ಬಂದು ಬಿದ್ದದ್ದು, ಊರಲ್ಲಿ ಅಷ್ಟು ಜಮೀನಿರುವಾಗ, ಅವನ ಅಣ್ಣ ಚೆಲುವರಾಜುವಿನ ಕಬ್ಬಿನ ಹೊಲಕ್ಕೆ.

ಬೈಕು ಹಾರಿಸಿಕೊಂಡು ಕಂಪನಿಯವರಲ್ಲಿ ಮೊದಲು ತಲುಪಿದವನು ಅವನೇ. ಅರ್ಧ ಹೊಲ ಕಟಾವಾಗಿತ್ತು. ಮೊಣಕಾಲುದ್ದದ ಒಣ ತರಗಿನ ನಡುವೆ ಮುರಿದ ವಿಮಾನ, ಸುತ್ತ ನೆಲಕ್ಕಂಟಿಕೊಂಡು ಹರಡುತ್ತಿದ್ದ ಬಿಳಿ ಹೊಗೆ. ಪಕ್ಕದಲ್ಲೇ ಕಟಾವಿಗೆ ಕಾದು ನಿಂತ ಎರಡು ಎಕರೆ ಕಬ್ಬು. ತರಗಿನಲ್ಲಿ ಹೊಗೆ ಕಂಡರೆ ಈ ಕಡೆಯವರು ಏನು ಎತ್ತ ಎಂದು ಕೇಳುತ್ತ ನಿಲ್ಲುವುದಿಲ್ಲ. ಹೊಂಗೆಯ ಹಸಿ ಕೊಂಬೆ ಮುರಿದು ಬಡಿಯುತ್ತಾರೆ, ಕಾಲಲ್ಲಿ ತುಳಿದು ಆರಿಸುತ್ತಾರೆ. ಚೆಲುವರಾಜು ಕೊಂಬೆ ಹಿಡಿದು ಆಗಲೇ ಓಡುತ್ತಿದ್ದ. ಹಿಂದೆ ಅವನ ಹೆಂಡತಿ ನಾಗರತ್ನ, ಅಕ್ಕಪಕ್ಕದ ಹೊಲದ ನಾಲ್ಕು ಗಂಡಸರು.

ಆದರೆ ಅದು ಹೊಗೆಯಲ್ಲ, ಒಡೆದ ಟ್ಯಾಂಕಿನಿಂದ ಸುರಿದ ದ್ರವ ಆಮ್ಲಜನಕದ ಆವಿ. ಆ ದ್ರವ ಹೀರಿದ ತರಗು ಸಿಡಿಯಲು ಕಿಡಿಯೂ ಬೇಡ, ಒಂದು ಏಟು ಸಾಕು. ಹೋದ ವರ್ಷ ಕಂಪನಿಯಲ್ಲಿ ಹೊಸಬರಿಗೆ ಬುದ್ಧಿ ಬರಲೆಂದು ಒಂದು ಹಿಡಿ ಹತ್ತಿಯನ್ನು ಅದರಲ್ಲಿ ಅದ್ದಿಟ್ಟು, ದೂರದಿಂದ ಹಗ್ಗ ಬಿಟ್ಟು ಅದರ ಮೇಲೆ ಸುತ್ತಿಗೆ ಬೀಳಿಸಿದ್ದರು. ಸುತ್ತಿಗೆ ಶೆಡ್ಡಿನ ಶೀಟು ತೂತು ಮಾಡಿಕೊಂಡು ಹೋಗಿತ್ತು. ಇಲ್ಲಿ ಅಣ್ಣ ಎರಡೂ ಕಾಲಲ್ಲಿ ತುಳಿಯಲು ಹೊರಟಿದ್ದ.

"ಅಣ್ಣ, ನಿಂತ್ಕೊ. ತುಳೀಬ್ಯಾಡ. ಅದು ಒಗೆ ಅಲ್ಲ ಕಣಣ್ಣ. ಸಿಡೀತದೆ."

"ಏನೂ ಆಗಕಿಲ್ಲ ಅಂತ ನೆನ್ನೆ ಏಳ್ದೋನೂ ನೀನೇ ಕಣ್ಲಾ," ಚೆಲುವರಾಜು ತಿರುಗಿಯೂ ನೋಡಲಿಲ್ಲ. "ನಿನ್ ಇಮಾನ ಆಳಾಗೋಗ್ಲಿ. ನಂಗೆ ಕಬ್ಬು ಉಳೀಬೇಕು."

ಹೇಳಿದ್ದು ನಿಜ. ಅಣ್ಣನ ಮನೆಯಲ್ಲೇ ಮುದ್ದೆ ಉಂಡು, ಮೀಸೆ ತಿರುವಿಕೊಂಡು ಹೇಳಿದ್ದ. ಈಗ ಯಾವ ಬಾಯಲ್ಲಿ ನಂಬಿಸುವುದು? ಕಾಂತರಾಜು ಓಡಿ ಹಿಂದಿನಿಂದ ಸೊಂಟ ಹಿಡಿದ. ಚೆಲುವರಾಜು ಮೊಣಕೈಯಿಂದ ಅವನ ಮೂಗಿಗೆ ಕುಟ್ಟಿದ. ಮೂಗು ಲಟಕ್ಕೆಂದಿತು, ಬಾಯ್ತುಂಬ ರಕ್ತ. ಬಿಡಿಸಿಕೊಂಡ ಅಣ್ಣ ಮತ್ತೆ ನುಗ್ಗಿದ. ಹೊಗೆಗೆ ಇನ್ನು ಐದು ಹೆಜ್ಜೆ. ಕಾಂತರಾಜುವಿನ ಕೈಗೆ ಸಿಕ್ಕಿದ್ದು ಬದುವಿನ ಮೇಲಿದ್ದ ಹಾರೆ. ಎರಡೂ ಕೈಯಲ್ಲೆತ್ತಿ ಅಣ್ಣನ ಮೊಣಕಾಲ ಕೆಳಗೆ ಬೀಸಿದ. ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಪಿಲೆ ಹೊಳೆ ದಾಟಿಸಿದ ಕಾಲು, ಕಬ್ಬಿನ ಜಲ್ಲೆಯ ಹಾಗೆ ಮುರಿಯಿತು.

ನಾಗರತ್ನ ಕುಡುಗೋಲಿನ ಹಿಡಿಯಿಂದ ಕಾಂತರಾಜುವಿನ ತಲೆಗೆ ಹೊಡೆದಳು. "ಒಡುಟ್ದೋನ್ ಕಾಲ್ ಮುರ್ದ್ಯಲ್ಲೋ, ಕಂಪ್ನಿ ನಾಯಿ." ಗಂಡಸರು ಕೊಂಬೆ ಬಿಸಾಕಿ ಅವನನ್ನು ಕೆಡವಿಕೊಂಡು ಒದ್ದರು. ಪಕ್ಕೆಲುಬು ಮುರಿದದ್ದು ಅವನಿಗೆ ಗೊತ್ತಾಯಿತು. ಒದೆ ತಿನ್ನುತ್ತಲೇ ಅವನಿಗೆ ಸಮಾಧಾನವೂ ಆಯಿತು, ಸುಳ್ಳಲ್ಲ. ತನ್ನನ್ನು ಒದೆಯುತ್ತಿರುವಷ್ಟು ಹೊತ್ತು ಇವರು ಆ ತರಗಿಗೆ ಕಾಲಿಡುವುದಿಲ್ಲ.

ಗದ್ದಲಕ್ಕೆ ಬೆದರಿದ್ದು ಹೊಲದಂಚಿಗೆ ಕಟ್ಟಿದ್ದ ಚೆಲುವರಾಜುವಿನ ಎತ್ತು. ಕರುವಾಗಿದ್ದಾಗಿನಿಂದ ಅವನೇ ಸಾಕಿದ್ದು. ಗೂಟ ಕಿತ್ತುಕೊಂಡು ಸೀದಾ ಬಿಳಿ ಹೊಗೆಯೊಳಕ್ಕೆ ನುಗ್ಗಿತು. ನಾಲ್ಕನೆಯ ಹೆಜ್ಜೆಗೆ ನೆಲವೇ ಸಿಡಿಯಿತು. ಎಲ್ಲರೂ ಬದುವಿನಾಚೆ ಹೋಗಿ ಬಿದ್ದರು. ನಾಗರತ್ನ ಕಣ್ಣು ಬಿಟ್ಟಾಗ ಅವಳ ಪಕ್ಕದಲ್ಲಿ ಎತ್ತಿನ ಒಂದು ಮುಂಗಾಲು ಬಿದ್ದಿತ್ತು, ಲಾಳದ ಸಮೇತ. ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಕುಡುಗೋಲನ್ನು ಕೆಳಗೆ ಬಿಟ್ಟಳು. ನಿಂತ ಕಬ್ಬು ಧಗಧಗ ಉರಿಯುತ್ತಿತ್ತು. ಈಗ ಬಡಿಯಲು ಯಾರೂ ಏಳಲಿಲ್ಲ.

ಕಾಂತರಾಜು ತೆವಳಿಕೊಂಡು ಹೋಗಿ ಅಣ್ಣನನ್ನು ಬೆನ್ನಿಗೆ ಹಾಕಿಕೊಂಡು, ಬೈಕು ನಿಲ್ಲಿಸಿದ್ದ ರಸ್ತೆಯ ಕಡೆ ಹೊರಟ. ಉಸಿರೆಳೆದಾಗಲೆಲ್ಲ ಪಕ್ಕೆ ಚುಚ್ಚಿತು. ಚೆಲುವರಾಜು ಎತ್ತಿಗಾಗಿ ಗೊಳೋ ಎಂದು ಅಳುತ್ತಿದ್ದ. "ನನ್ ಎತ್ತ ತಿಂದ್ಯಲ್ಲೋ ಪಾಪಿ," ಎನ್ನುತ್ತ ತಮ್ಮನ ಬೆನ್ನಿಗೆ ಗುದ್ದಿದ. ಹೆಜ್ಜೆಗೊಂದರಂತೆ ಗುದ್ದಿದ. ಟಾರು ರಸ್ತೆ ಇನ್ನೂ ದೂರವಿರುವಾಗಲೇ ಗುದ್ದು ನಿಂತಿತು. ಅಣ್ಣನ ತಲೆ ಅವನ ಹೆಗಲಿಗೆ ವಾಲಿತು.

"ಗುದ್ದಣ್ಣ," ಎಂದ ಕಾಂತರಾಜು. "ನಿಲ್ಲಿಸ್ಬ್ಯಾಡ. ಇನ್ನೊಂದ್ ಗುದ್ದು."

ಅಳುತ್ತಲೇ ನಡೆದ. ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು. ಆಮೇಲೆ ಬೆನ್ನ ನಡುವೆ ಮೆಲ್ಲಗೆ ಒಂದು ಗುದ್ದು ಬಿತ್ತು. ಕಾಂತರಾಜು ರಸ್ತೆಯ ಕಡೆಗೆ ಓಡತೊಡಗಿದ.