ಯಾಕೆ ಸೇಫ್ ಅಂದರೆ

ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗೆ, ಅಂದರೆ ಕರ್ನಲ್ಲಿನಲ್ಲಿ, ಹದಿನೆಂಟು ವರ್ಷದಿಂದ ಕೀಬೋರ್ಡನ್ನು ಮೆಷಿನ್ನಿಗೆ ಪರಿಚಯಿಸುವ ನನ್ನ ಪ್ರೋಗ್ರಾಂ, ಅಂದರೆ ಕೀಬೋರ್ಡ್ ಡ್ರೈವರ್, ಓಡುತ್ತಿದೆ. ಬರೆದದ್ದು ಸಿ ಭಾಷೆಯಲ್ಲಿ. ಮೆಷಿನ್ ಆಗಾಗ ಕಲ್ಲಿನಂತೆ ನಿಂತುಬಿಡುತ್ತಿದ್ದದ್ದು ನಿಜ. ಆದರೆ ಅದು ಟೆಸ್ಟಿಂಗ್‌ನವನು ಕೀಬೋರ್ಡಿನ ಕೇಬಲ್ ಕೀಳುವ ರಭಸಕ್ಕೆ. ಅವನಿಗೆ ಭಾರಗೈ ಅಂತ ಹೆಸರಿಟ್ಟವನೇ ನಾನು. ಈಗ ಇಡೀ ಆಫೀಸು ಹಾಗೇ ಕರೆಯುತ್ತದೆ.

ಈ ವರ್ಷ ನಮ್ಮ ತಂಡಕ್ಕೆ ಅಕ್ಕನ ಮಗಳು ಬಂದಳು, ಜೊತೆಗೆ ರಸ್ಟ್ ಅನ್ನುವ ಭಾಷೆಯನ್ನೂ ತಂದಳು. ಮೆಮೊರಿಯ ವಿಷಯದಲ್ಲಿ ಅದು ಮಹಾ ಸಂಶಯದ ಪ್ರಾಣಿ. ಯಾವ ಜಾಗ ಯಾರದ್ದು, ಎಲ್ಲಿಯವರೆಗೆ ಅಂತ ಹೇಳದಿದ್ದರೆ ಬರೆದದ್ದನ್ನು ಪರೀಕ್ಷಿಸಿ ಮೆಷಿನ್ನಿಗೆ ತಿಳಿಯುವ ಹಾಗೆ ಮಾಡುವ ಅದರ ಕಂಪೈಲರ್ ಹೊಸ್ತಿಲು ದಾಟಲು ಬಿಡುವುದಿಲ್ಲ. ಶುಕ್ರವಾರದೊಳಗೆ ರಸ್ಟಿಗೆ ಬದಲಾಗದ ಡ್ರೈವರ್‌ಗಳನ್ನು ಕರ್ನಲ್ಲಿನಿಂದ ಕಿತ್ತುಹಾಕುತ್ತೇವೆ ಎಂದು ಮ್ಯಾನೇಜರ್ ಹೇಳಿದರು. ಈ ಆಫೀಸಿನಲ್ಲಿ ನನ್ನದು ಅಂತ ಇರುವುದು ಆ ಡ್ರೈವರ್ ಒಂದೇ.

ಎರಡು ದಿನ ಕಂಪೈಲರ್ ಕೈಯಲ್ಲಿ ಬೈಸಿಕೊಂಡೆ. ಮೂರನೇ ದಿನ ಒಂದು ಪದ ಸಿಕ್ಕಿತು: ಅನ್‌ಸೇಫ್. 'ಇಲ್ಲಿ ನೀನು ತಲೆ ಹಾಕಬೇಡ, ಜವಾಬ್ದಾರಿ ನನ್ನದು' ಎಂದು ಕಂಪೈಲರಿಗೆ ಹೇಳುವ ಪದ. ಇಡೀ ಡ್ರೈವರನ್ನು ಅದರೊಳಗೆ ಸುತ್ತಿಟ್ಟೆ. ಕಂಪೈಲರ್ ಗಪ್‌ಚುಪ್. ನಾನು ಮೀಸೆ ತಿರುವಿದೆ.

ಅಕ್ಕನ ಮಗಳು ಬಿಡಬೇಕಲ್ಲ.

"ಮಾವ, ಅನ್‌ಸೇಫ್ ಅಂತ ಬರೆದ ಕಡೆಯೆಲ್ಲ, ಅದು ಯಾಕೆ ಸೇಫ್ ಅಂತ ಮೇಲೊಂದು ಸಾಲು ಬರೀಬೇಕು. ಅದು ರೂಲು."

"ಬರೆದಿದೀನಲ್ಲ!"

ಅವಳು ಗಟ್ಟಿಯಾಗಿ ಓದಿದಳು: "'ಯಾಕೆ ಸೇಫ್ ಅಂದರೆ, ಬರೆದವನು ನಾನು.' ಇದು ಕಾರಣ ಅಲ್ಲ ಮಾವ, ಜಂಬ."

ಎಲ್ಲರೂ ನಕ್ಕರು. ಭಾರಗೈ ಮಾತ್ರ ನಗಲಿಲ್ಲ.

ಸಿಟ್ಟಿನಲ್ಲೇ ಕೂತು ಹೊಸದಾಗಿ ಬರೆದೆ: 'ಯಾಕೆ ಸೇಫ್ ಅಂದರೆ, ಕೇಬಲ್ ಕಿತ್ತ ಕೂಡಲೇ ಮೆಮೊರಿಯಲ್ಲಿ ಕೀಬೋರ್ಡಿಗೆ ಕೊಟ್ಟ ಜಾಗ ವಾಪಸ್ ಹೋಗುತ್ತದೆ, ಆಮೇಲೆ ಅಲ್ಲಿ ಯಾರೂ ಬರೆಯುವುದಿಲ್ಲ.' ಯಾರೂ? ಡ್ರೈವರಿನೊಳಗೆ ನಾನೇ ಇಟ್ಟ ಟೈಮರ್ ಬರೆಯುತ್ತಿತ್ತು! ಮನೆ ಖಾಲಿ ಮಾಡಿದ ಮೇಲೂ ಹಳೇ ಕೀಲಿಕೈ ಹಿಡಿದು ಒಳಗೆ ನುಗ್ಗುವವನ ಹಾಗೆ, ಹದಿನೆಂಟು ವರ್ಷ. ಮೆಷಿನ್ ಕಲ್ಲಿನಂತೆ ನಿಲ್ಲುತ್ತಿದ್ದದ್ದು ಅದಕ್ಕೇ.

ಆ ಸಾಲು ಅಳಿಸಿ ಬರೆದೆ: 'ಸೇಫ್ ಅಲ್ಲ. ತಪ್ಪು ಬರೆದವನದು, ಕೇಬಲ್ ಕಿತ್ತವನದಲ್ಲ.' ಅಕ್ಕನ ಮಗಳು ಓದಿದಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

ಶುಕ್ರವಾರ ಹೊಸ ಡ್ರೈವರ್ ಸಿದ್ಧವಾಯಿತು. ಭಾರಗೈ ಬಂದು ಎರಡೇ ಬೆರಳಲ್ಲಿ, ಮಲಗಿದ ಮಗುವನ್ನು ಮುಟ್ಟುವ ಹಾಗೆ, ಕೇಬಲ್ ಹಿಡಿದ. ವರ್ಷಗಟ್ಟಲೆ ಅವನು ಹೀಗೇ ಹಿಡಿಯುತ್ತಿದ್ದ. ನಾನು ಒಮ್ಮೆಯೂ ಗಮನಿಸಿರಲಿಲ್ಲ.

"ಜೋರಾಗಿ ಕೀಳಪ್ಪ," ಅಂದೆ. "ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ನಿನ್ನನ್ನ ಅಂದದ್ದು ನಂದೇ ತಪ್ಪು."

"ನಾನು ಮೊದಲಿಂದ ಅದನ್ನೇ ಹೇಳ್ತಿದೀನಿ ಸಾರ್," ಅಂದವನೇ, ಅಷ್ಟೂ ವರ್ಷದ ಸಿಟ್ಟು ಸೇರಿಸಿ ಎಳೆದ.

ಕೇಬಲ್ ಸಾಕೆಟ್ ಸಮೇತ ಅವನ ಕೈಗೆ ಬಂತು. ಮೆಷಿನ್ ಮಾತ್ರ ಓಡುತ್ತಲೇ ಇತ್ತು.