ಪರದೆ ಎಳೆಯಗೊಡದ ಕೇಶರಬಾಯಿ

ಕೇಶರಬಾಯಿಯವರನ್ನು ನಾನು ಮೊದಲು ಕಂಡದ್ದು ೧೯೭೬ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ತಂಗಿ ಭಾಗಮ್ಮನ ರವಿಕೆಯ ಬಟ್ಟೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಮ್ಮೂರು ರಾಜೇಶ್ವರದಿಂದ ಬಸವಕಲ್ಯಾಣಕ್ಕೆ ಬಂದಿದ್ದೆ. ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಹಿಟ್ಟಿನ ಗಿರಣಿಗೆ ಅಂಟಿಕೊಂಡು ಅವರ ಹೊಲಿಗೆ ಅಂಗಡಿ. ಗಿರಣಿಯ ಧೂಳು ಅಕ್ಕಪಕ್ಕದ ಗೋಡೆಗಳನ್ನೆಲ್ಲ ಒಂದೇ ಬೂದು ಬಣ್ಣಕ್ಕೆ ತಂದಿದ್ದರೂ ಈ ಒಂದು ಅಂಗಡಿಯ ಒಳಗೋಡೆ ಮಾತ್ರ ಸೊಂಟದೆತ್ತರದವರೆಗೆ ಎಲೆಹಸಿರು, ಅದರ ಮೇಲೆ ಬೆಣ್ಣೆಯ ಬಣ್ಣ. ಮಷೀನಿನ ಮುಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಎಡಗೈಗೆ ಗಂಡಸರ ದೊಡ್ಡ ಗಡಿಯಾರ, ಹೆಗಲ ಮೇಲೆ ನಾಲ್ಕಾರು ಬಣ್ಣದ ದಾರದ ತುಣುಕುಗಳು. ಎದ್ದು ಬಂದವರು ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಲಿಲ್ಲ, ನನ್ನ ಕುತ್ತಿಗೆಯನ್ನು ನೋಡಿದರು.

"ಈ ಅಂಗಿ ಯಾರ್ ಹೊಲ್ದಾರ?"

"ನಮ್ಮೂರಾಗೇ ಹೊಲಸೀನ್ರಿ."

"ಕಾಲರಿನ ಒಂದ್ ಕಿವಿ ಬೀದರಿಗಿ ಹೊಂಟದ, ಇನ್ನೊಂದು ಸೋಲಾಪುರಕ್ಕ. ಬರಾಬರ್ ಇಲ್ಲ."

ಆಮೇಲೆ ನಾನೇನು ಓದಿದ್ದೇನೆಂದು ಕೇಳಿದರು. ಬಿ.ಎ. ಆಗಿದೆಯೆಂದೆ. ನಮ್ಮ ಮನೆತನದಲ್ಲಿ ಆ ಎರಡಕ್ಷರವನ್ನು ಹೇಳಿಕೊಂಡವನು ನಾನೊಬ್ಬನೇ ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರಿಗೆ ಅದರಿಂದ ಏನೂ ಅನ್ನಿಸಿದಂತೆ ಕಾಣಲಿಲ್ಲ.

"ಇಂಗ್ಲಿಷ್ ಜಲ್ದಿ ಓದಾಕ ಬರ್ತದೋ, ಬೆರಳಿಟ್ಟು ಓದ್ತಿಯೋ?"

"ಜಲ್ದಿ ಓದ್ತೀನ್ರಿ."

"ಹಂಗಾರ ಬುಧವಾರ ಹುಮನಾಬಾದಿಗಿ ಬಾ, ತಮ್ಮಾ. ಮೂರರ ಆಟಕ್ಕ. ಒಂದು ಕೆಲಸ ಅದ."

ಆ ಕೆಲಸವೇನೆಂದು ಹೇಳುವ ಮುನ್ನ ಅವರು ಎಂಥವರೆಂದು ಹೇಳಬೇಕು. ಮಷೀನಿನ ಮೇಲೆ, ಕನ್ನಡಿ ಇರಬೇಕಾದ ಜಾಗದಲ್ಲಿ, ಮರಾಠಿ ಮಾಸಪತ್ರಿಕೆಯೊಂದರಿಂದ ಕತ್ತರಿಸಿದ ಚಿತ್ರವಿತ್ತು: ಬಿಳಿ ಸೀರೆ, ಮೊಳಕೈ ದಾಟಿದ ತೋಳಿನ ರವಿಕೆ, ಕಪ್ಪು ಕನ್ನಡಕ, ಕೈಯಲ್ಲಿ ಗಂಡಸರ ಗಡಿಯಾರ. ಅದು ಮುಂಬಯಿಯ ಚಿತ್ರನಿರ್ದೇಶಕಿ ಕುಮುದ ವಾಗ್ಳೆಯವರದು. ಕುಮುದ ವಾಗ್ಳೆಯವರ ಸಿನಿಮಾಗಳಲ್ಲಿ ಹೊಡೆದಾಟವಿಲ್ಲ, ಹಾಡು ಕಡಿಮೆ. ಹೆಂಗಸರು ಕಿಟಕಿಯ ಬಳಿ ಕೂತಿರುತ್ತಾರೆ, ನೀರು ತುಂಬುತ್ತಾರೆ, ಯಾರದೋ ದಾರಿ ಕಾಯುತ್ತಾರೆ. ಆದರೆ ಆ ಕಿಟಕಿಯ ಪರದೆ, ಆ ಗೋಡೆಯ ಬಣ್ಣ, ಆ ಕೊಡದ ಹೊಳಪು ಒಂದನ್ನೊಂದು ಬಲ್ಲವರಂತೆ ಇರುತ್ತವೆ. ಕೇಶರಬಾಯಿ ಆ ಲೋಕವನ್ನು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ತುಸುತುಸುವೇ ತಂದುಕೊಂಡಿದ್ದರು. ಅಂಗಡಿಯ ಗೋಡೆ ಒಂದು ಸಿನಿಮಾದ್ದು, ಬಾಗಿಲ ಪರದೆ ಇನ್ನೊಂದರದ್ದು. ಆ ಮೊಳಕೈ ದಾಟಿದ ತೋಳನ್ನು ಊರಿನ ಅರ್ಧದಷ್ಟು ಹೆಂಗಸರಿಗೆ ತೊಡಿಸಿದ್ದರು. ಎಡ ಭುಜವನ್ನು ಮುಂದು ಮಾಡಿ, ಯಾರೋ ದಾರಿಗಡ್ಡ ನಿಂತಿದ್ದಾರೆಂಬಂತೆ ಬಿರಬಿರನೆ ನಡೆಯುವರು. ನಡೆಯುತ್ತಲೇ ಊರಿಗೆ ತೀರ್ಪು ಕೊಡುವರು. "ಈ ಬಸ್ ಸ್ಟ್ಯಾಂಡಿಗಿ ಇಂಥಾ ಬಣ್ಣ ಹಚ್ಚಿದವನಿಗಿ ಹಿಡದು ಅದ ಬಣ್ಣದ ಅಂಗಿ ಹೊಲದು ಹಾಕಬೇಕು. ವರ್ಷಾನಗಟ್ಲೆ ಬಿಚ್ಚಗೊಡಬಾರದು." ಜನ ನಗುತ್ತಿದ್ದರು. ಆ ಕಣ್ಣು ಎಷ್ಟು ಖರೆಯ ಕಣ್ಣು ಎಂಬುದು ನನಗೂ ಆಗ ತಿಳಿದಿರಲಿಲ್ಲ.

ಆ ವಾರ ಹುಮನಾಬಾದಿನ ಟಾಕೀಸಿಗೆ ಕುಮುದ ವಾಗ್ಳೆಯವರ ಮೂರನೆಯ ಸಿನಿಮಾ ಬಂದಿತ್ತು. ದೊಡ್ಡ ಮನೆಯೊಂದರ ಕಿರಿಯ ಸೊಸೆಯ ಕತೆ. ಜಗಳದಲ್ಲಿ ಭಾವ ಕೈಹಿಡಿದು ಎಳೆದಾಗ ಅವಳ ಬಿಳಿ ರವಿಕೆ ಭುಜದಲ್ಲಿ ಹರಿಯುತ್ತದೆ. ಮರುಕ್ಷಣ ಅವಳು ಎಲ್ಲರಿಗೂ ಊಟಕ್ಕೆ ಬಡಿಸುತ್ತಿದ್ದಾಳೆ. ಸಂಜೆ ಒಂದು ಚೀಲ ಹಿಡಿದು ಮನೆ ಬಿಟ್ಟು ಹೋಗುತ್ತಾಳೆ, ಸಿನಿಮಾ ಮುಗಿಯುತ್ತದೆ. ಶುಕ್ರವಾರ ನೋಡಿ ಬಂದ ಗಂಡಸರು ಕಟ್ಟೆಕಟ್ಟೆಯ ಮೇಲೆ ಹೇಳುತ್ತಿದ್ದ ಮಾತು ಒಂದೇ: ಅವಳು ಹುಚ್ಚಿ, ಇಲ್ಲವೆ ನಡತೆಗೆಟ್ಟವಳು, ಉಣ್ಣಲು ಉಡಲು ಕಡಿಮೆಯಿಲ್ಲದ ಮನೆಯನ್ನು ಯಾರಾದರೂ ಬಿಡುತ್ತಾರೆಯೇ? ಈ ಮಾತು ಕೇಶರಬಾಯಿಯವರಿಗೆ ತಮ್ಮ ಮನೆಯ ಹೆಣ್ಣಿಗೆ ಅಂದಂತೆ ಚುಚ್ಚಿತು.

ಬುಧವಾರ ಟಾಕೀಸಿನ ಮುಂದೆ ನಿಂತು ನನಗೆ ಹೇಳಿದರು: "ರವಿಕಿ ಹರೀತು. ಬಡಸೂಮುಂದ ನೋಡಿದ್ರ ಅದ ಹೆಗಲಿನ ಮ್ಯಾಲ ಕೆಂಪು ದಾರದ ಕೈಹೊಲಿಗಿ ಅದ. ಬಿಳಿ ರವಿಕಿಗಿ ಕೆಂಪು ದಾರ! ಕುಮುದಬಾಯಿ ಸುಮ್ಮ ಸುಮ್ಮನ ಹಂಗ ಮಾಡವರಲ್ಲ. ಹೊಲದಾಳ ಅಂದ್ರ ಎಲ್ಲೋ ಕುಂತು ಹೊಲದಾಳ, ದಾರ ಎಲ್ಲಿಂದೋ ಬಂದದ. ಅದೆಲ್ಲಾ ಎಲ್ಲಿ ಹೋಯ್ತು? ಒಂದು ರೀಲು ತಗದಾರ."

ರೀಲು ಮುಗಿಯುವಾಗ ಬೆಳ್ಳಿಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುವುದನ್ನು ಅವರು ಎಂದೋ ಕಂಡುಕೊಂಡಿದ್ದರು. ಎರಡು ಆಟ ಕೂತು ಎಣಿಸಿದ್ದರು: ಹದಿಮೂರು ರೀಲು. ಇರಬೇಕಾದದ್ದೆಷ್ಟು ಎಂಬುದು ಸಿನಿಮಾದ ಮೊದಲಿಗೆ ತೋರಿಸುವ ಸೆನ್ಸಾರಿನ ಸರ್ಟಿಫಿಕೇಟಿನಲ್ಲಿ ಬರೆದಿರುತ್ತದೆ. ಆದರೆ ಹೆಂಗಸರಿಗೆ ಅದು ಕಾಣುವಂತಿರಲಿಲ್ಲ. ಆ ಟಾಕೀಸಿನಲ್ಲಿ ಹೆಂಗಸರ ಜಾಗಕ್ಕೆ ದಪ್ಪ ಪರದೆ. ದೀಪ ಆರಿ ಪೂರ್ತಿ ಕತ್ತಲಾದ ಮೇಲೆಯೇ ಗಯಾಬಾಯಿ ಎಂಬ ಕೆಲಸದಾಕೆ ಹಗ್ಗ ಹಿಡಿದು ಅದನ್ನು ಸರಿಸಬೇಕು. ಮಧ್ಯಂತರಕ್ಕೂ ಆಟ ಬಿಡುವಾಗಲೂ ಗಂಟೆಯಾದೊಡನೆ ಅದನ್ನು ಮುಚ್ಚಬೇಕು, ಮುಚ್ಚಿದ ಮೇಲೆಯೇ ದೀಪ ಹಚ್ಚಬೇಕು. ಮಾಲಕ ಮಹಾರುದ್ರಪ್ಪನವರು ಈ ನಿಯಮವನ್ನು ಗೋಡೆಯ ಮೇಲೆ ಬರೆಸಿದ್ದರು. ಮರ್ಯಾದಸ್ಥರು ತಮ್ಮ ಮನೆಯವರನ್ನು ನಂಬಿ ಕಳಿಸುವುದು ಇದೊಂದರಿಂದಲೇ ಎಂದು ಹೇಳಿಕೊಳ್ಳುತ್ತಿದ್ದರು. ಪರದೆ ಸರಿಯುವಷ್ಟರಲ್ಲಿ ಸರ್ಟಿಫಿಕೇಟು ಬಂದು ಹೋಗಿರುತ್ತಿತ್ತು. ಓದಬಲ್ಲ ಗಂಡಸೊಬ್ಬ ಬೇಕಾಗಿದ್ದದ್ದು ಅದಕ್ಕಾಗಿ.

ಬುಧವಾರ ನಾನು ಸೋತೆ. ಆಟ ಬಿಟ್ಟ ಮೇಲೆ ಅವರು ಕೇಳಿದರು, "ಏನ್ ಓದ್ದಿ?"

"ಸಿನಿಮಾದ ಹೆಸರು ಓದಿದೆ. ಅಷ್ಟರಾಗ ಹೋಯ್ತ್ರಿ."

"ಅದು ಹೊರಗ ಪೋಸ್ಟರಿನ ಮ್ಯಾಲೂ ಅದ. ಬಿ.ಎ. ಯಾಕ ಬೇಕಿತ್ತು?"

ಗುರುವಾರ ಆ ಸಿನಿಮಾಕ್ಕೆ ಕೊನೆಯ ದಿನ. ಸಂಜೆಯ ಆಟ ಮುಗಿದರೆ ಡಬ್ಬಿಗಳು ಬೇರೆ ಊರಿಗೆ ಹೋಗಿಬಿಡುತ್ತವೆ. ಮೂರರ ಆಟಕ್ಕೆ ಮೂರನೆಯ ಸಾಲಿನಲ್ಲಿ ಕಣ್ಣು ಮಿಟುಕಿಸದೆ ಕೂತು ಓದಿದೆ: ರೀಲುಗಳ ಸಂಖ್ಯೆ, ಹದಿನಾಲ್ಕು. ಮಧ್ಯಂತರದಲ್ಲಿ ಹೋಗಿ ಪರದೆಯ ಆಚೆಯಿಂದಲೇ ಹೇಳಿದೆ. ಒಳಗಿನಿಂದ ಬಂದದ್ದು ಒಂದೇ ಮಾತು: "ಬರಾಬರ್."

ಸಿನಿಮಾ ಮುಗಿಯಿತು. ಗಂಟೆ ಹೊಡೆಯಿತು. ದೀಪ ಹತ್ತಲಿಲ್ಲ. ಮತ್ತೆ ಗಂಟೆ. ಮೇಲಿನ ಕೋಣೆಯಿಂದ ಆಪರೇಟರ್ ಶಂಶುದ್ದೀನ್ ಕೂಗಿದ: "ಗಯಾಬಾಯಿ, ಪರದೆ ಎಳಿ!"

"ಹ್ಯಾಂಗ ಎಳೀಲಿ? ಹಗ್ಗ ಕೇಶರಬಾಯಿ ಹಿಡ್ಕೊಂಡು ಕುಂತಾರ!"

ಮಹಾರುದ್ರಪ್ಪನವರು ಕತ್ತಲೆಯಲ್ಲಿ ಕುರ್ಚಿಗಳಿಗೆ ಎಡವುತ್ತ ಬಂದರು. "ಯಾರದು? ಹಗ್ಗ ಬಿಡ್ರಿ ಬಾಯಿ. ಆರರ ಆಟದ ಮಂದಿ ಬಾಗಿಲದಾಗ ನಿಂತಾರ."

"ಹರಿದ ರವಿಕಿ ಹೊಲಿಯೂ ರೀಲು ತೋರಸ್ರಿ. ಬಿಡ್ತೀನಿ."

"ಯಾವ ರೀಲು? ಬಂದದ್ದೆಲ್ಲಾ ತೋರಸೀವಿ."

"ಹದಿನಾಲ್ಕು ಬಂದಾವ, ಸರ್ಟಿಫಿಕೇಟಿನಾಗ ಬರದದ. ಹದಿಮೂರು ತೋರಸೀರಿ."

"ಹದಿನಾಲ್ಕು ಅಂತ ಓದಿದವ ಯಾರು? ಮುಂದ ಬಂದು ಹೇಳಲಿ ನೋಡೋಣ."

ಇಲ್ಲಿ ನಾನು ಎದ್ದು ನಿಲ್ಲಬೇಕಾಗಿತ್ತು. ಮಹಾರುದ್ರಪ್ಪನವರು ಒಂದು ಖಾಸಗಿ ಹೈಸ್ಕೂಲಿನ ಆಡಳಿತ ಮಂಡಳಿಯಲ್ಲಿದ್ದರು. ಆ ಶಾಲೆಗೆ ಮಾಸ್ತರಿಕೆಗಾಗಿ ನಾನು ಹಾಕಿದ್ದ ಅರ್ಜಿ ಅವರ ಮೇಜಿನ ಮೇಲಿತ್ತು. ನಾನು ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಕತ್ತಲೆಯಲ್ಲಿ ಕೂತೇ ಇದ್ದೆ. ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯುವಾಗ ಮಾಲಕರ ಮೇಲೆ ಬರುವ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ಕೇಶರಬಾಯಿ ನನ್ನ ಹೆಸರೆತ್ತಲಿಲ್ಲ. "ಓದಿದವರು ಓದ್ಯಾರ. ನಿಮಗ ಸುಳ್ಳು ಅನಸಿದ್ರ ಡಬ್ಬಿ ಎಣಸ್ರಿ" ಎಂದರು.

"ಜಬರದಸ್ತಿ ಏನಿದು? ದೀಪ ಹಚ್ಚಿಬಿಡ್ತೀನಿ ನೋಡ್ರಿ!"

ಆಗ ಹೆಂಗಸರ ನಡುವಿನಿಂದ ಬೇರೊಂದು ದನಿ, ಮೆಲ್ಲಗೆ, ಇಡೀ ಟಾಕೀಸಿಗೆ ಕೇಳುವಂತೆ ಬಂತು: "ಹಚ್ರಿ. ನಾನೂ ಇಲ್ಲೇ ಕುಂತೀನಿ. ಪರದೆ ಇಲ್ದೇ ನಿಮ್ಮ ಮನಿಯಾಕಿನ್ನೂ ಊರು ನೋಡ್ಲಿ."

ಅದು ಅವರ ಹೆಂಡತಿ ಕಸ್ತೂರಿಬಾಯಿಯವರ ದನಿ. ಗಂಡಸರ ಕಡೆ ನಗೆ ಎದ್ದಿತು. ತಾವೇ ಗೋಡೆಗೆ ಬರೆಸಿದ ನಿಯಮದೊಳಗೆ ಸಿಕ್ಕಿಬಿದ್ದ ಮಾಲಕರು ಮೇಲಕ್ಕೆ ಮುಖ ಮಾಡಿ, "ಶಂಶುದ್ದೀನ್, ಆ ತಗದಿಟ್ಟದ್ದು ಹಾಕಪ್ಪ" ಎಂದರು. ತೆಗೆದಿಟ್ಟದ್ದು! ಒಂದು ಗಳಿಗೆಯ ಹಿಂದೆ ಇಲ್ಲವೆಂದದ್ದು ಇದೇ ಬಾಯಿ.

ಆ ರೀಲು ಹನ್ನೊಂದು ನಿಮಿಷದ್ದು. ಸೊಸೆ ಶಾಲು ಹೊದ್ದು ಕಿಟಕಿಯ ಬಳಿ ಕೂತು ರವಿಕೆ ಹೊಲಿಯುತ್ತಾಳೆ. ಮನೆಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಾರೆ, ಹರಿದದ್ದನ್ನು ನೋಡುತ್ತಾರೆ, ಹೋಗುತ್ತಾರೆ. ಮಾವ ಕೆಮ್ಮಿ ಹೋಗುತ್ತಾನೆ. ಅತ್ತೆ ಕೆಂಪು ದಾರದ ಉಂಡೆಯೊಂದನ್ನು ನೆಲದ ಮೇಲಿಟ್ಟು ಹೋಗುತ್ತಾಳೆ. ಕೊನೆಗೆ ಗಂಡ ಬಂದು, ಕರವಸ್ತ್ರ ಎಲ್ಲಿಟ್ಟಿದ್ದೀ ಎಂದು ಕೇಳಿ, ತೆಗೆದುಕೊಂಡು ಹೋಗುತ್ತಾನೆ. ಏನಾಯಿತೆಂದು ಯಾರೂ ಕೇಳುವುದಿಲ್ಲ. ಅವಳು ಹೊಲಿಯುವುದನ್ನು ಮುಗಿಸಿ ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ. ಇಷ್ಟೇ. ಏನೂ ನಡೆಯದ ರೀಲು ಎಂದು, ಆರರ ಆಟಕ್ಕೆ ಹೊತ್ತಾಗುತ್ತದೆಂದು, ಇವರು ತೆಗೆದಿಟ್ಟದ್ದು ಇದನ್ನು. ಆ ಹೆಣ್ಣು ಏಕೆ ಮನೆ ಬಿಟ್ಟಳೆಂಬುದನ್ನೇ ಡಬ್ಬಿಯಲ್ಲಿ ಮುಚ್ಚಿಟ್ಟು, ಊರಿಗೆ ಊರೇ ಅವಳನ್ನು ಹುಚ್ಚಿಯೆನ್ನಲು ಒಂದು ವಾರ ಟಿಕೆಟ್ ಮಾರಿದ್ದರು.

ಗಂಡಸರ ಸಾಲಿನಲ್ಲಿ ಯಾರೋ ಅಂದರು, "ಇಷ್ಟೇ ಏನು?"

"ಹೌದಪ್ಪಾ, ಇಷ್ಟೇ" ಎಂದರು ಕೇಶರಬಾಯಿ. "ಯಾಕ ಹೋದಳು ಅಂಬೋದು ಈಗರೇ ತಿಳೀತೇನು?"

ಅವರು ಹಗ್ಗ ಬಿಟ್ಟರು, ಪರದೆ ಮುಚ್ಚಿತು, ದೀಪ ಹತ್ತಿತು.

ಮರುದಿನ ಗಯಾಬಾಯಿಯ ಕೆಲಸ ಹೋಯಿತು. ಹಗ್ಗವನ್ನು ಆಕೆ ಬೇಕೆಂದೇ ಬಿಟ್ಟುಕೊಟ್ಟಳೆಂದು ಆರೋಪ. ಆಕೆಗೆ ಗುಂಡಿಯ ತೂತಿಗೆ ಕಾಜಾ ಹಾಕುವುದನ್ನು ಕಲಿಸಿ ಕೇಶರಬಾಯಿ ತಮ್ಮ ಅಂಗಡಿಯಲ್ಲೇ ಕೂರಿಸಿಕೊಂಡರು. ಕೇಶರಬಾಯಿಯವರಿಗೆ ಟಾಕೀಸಿನಲ್ಲಿ ಟಿಕೆಟ್ ಕೊಡಬಾರದೆಂದು ಹುಕುಂ ಆಯಿತು. ಕುಮುದ ವಾಗ್ಳೆಯವರ ಸಿನಿಮಾ ಮತ್ತೆ ಹುಮನಾಬಾದಿಗೆ ಬರಲಿಲ್ಲ; ಅಂಥವುಗಳಿಂದ ಹೆಂಗಸರು ಕೆಡುತ್ತಾರೆಂದು ಮಾಲಕರು ಹೇಳಿದರು, ಕೇಳಿದವರು ತಲೆಯಾಡಿಸಿದರು. ತಪ್ಪು ಮಾಡಿದವನ ಟಾಕೀಸು ನಡೆಯಿತು, ತಪ್ಪು ಕಂಡುಹಿಡಿದವರಿಗೆ ಬಾಗಿಲು ಮುಚ್ಚಿತು. ನನಗೆ ಜುಲೈಯಲ್ಲಿ ನೌಕರಿ ಸಿಕ್ಕಿತು.

ಆ ಶಾಲೆಯಲ್ಲಿ ಎರಡು ಡಿಗ್ರಿ ಪಡೆದ ಸಹೋದ್ಯೋಗಿಯೊಬ್ಬರಿದ್ದರು. ಆ ಸಿನಿಮಾದ ಬಗ್ಗೆ ಚಹದ ಹೊತ್ತಿನಲ್ಲಿ ನಮಗೆಲ್ಲ ಉಪನ್ಯಾಸ ಕೊಟ್ಟು, ಕೊನೆಗೆ ಅಂದರು: "ಅದು ಕಲಾ, ಮಾಸ್ತರ. ಆ ಹೊಲಿಗಿ ಬಾಯಿಗಿ ಅದರಾಗೇನು ತಿಳೀತದ? ರವಿಕಿ ನೋಡಾಕ ಹೋಗ್ತಾಳ."

"ನೀವು ಯಾವಾಗ ನೋಡಿದ್ರಿ ಸರ್?" ಎಂದು ಕೇಳಿದೆ.

"ಐತವಾರ."

"ಅದರಾಗ ಒಂದು ರೀಲು ಇರಲಿಲ್ಲ. ನಿಮಗ ಗೊತ್ತಾಗಿತ್ತೇನ್ರಿ?"

ಅವರು ಚಹ ಕುಡಿದರು. ಟಾಕೀಸಿನಲ್ಲಿ ಆಡಬೇಕಾಗಿದ್ದ ಮಾತನ್ನು ಎರಡು ತಿಂಗಳು ತಡವಾಗಿ, ನೌಕರಿ ಭದ್ರವಾದ ಮೇಲೆ, ಅಪಾಯವಿಲ್ಲದ ಕಡೆ ಆಡಿದ್ದೆ. ಇದನ್ನು ಕೇಶರಬಾಯಿಯವರಿಗೆ ಹೇಳಿ, ಅಂದು ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಿದೆ. ಅವರು ಮಷೀನು ನಿಲ್ಲಿಸಲಿಲ್ಲ. "ನೀ ಓದಿದ್ದು ಖರೇ ಇತ್ತು. ಸುಮ್ ಕುಂತದ್ದು ಬರಾಬರ್ ಇಲ್ಲ. ಎರಡೂ ನಿನ್ನವ ಅವ ತಮ್ಮಾ, ಇಟ್ಕೋ" ಎಂದರು.

ನಮ್ಮಲ್ಲಿ ಅಭಿಮಾನಿಯೆಂದರೆ ಚಿತ್ರಕ್ಕೆ ಹಾರ ಹಾಕುವವನು, ಬೆಳ್ಳಿಪರದೆಗೆ ನಾಣ್ಯ ಎಸೆಯುವವನು. ಓದಿದವರ ಲೆಕ್ಕದಲ್ಲಿ ರಸಿಕನೆಂದರೆ ಕಂಡದ್ದಕ್ಕೆ ಹೆಸರಿಡಬಲ್ಲವನು. ಕೇಶರಬಾಯಿಯವರಂಥವರು ಈ ಎರಡೂ ಗುಂಪಿನಲ್ಲಿಲ್ಲ. ಒಬ್ಬರು ಕೈಯಿಟ್ಟು ಮಾಡಿದ ಕೆಲಸವನ್ನು ಅವರು ತಮ್ಮ ಕೈಕೆಲಸದಿಂದಲೇ ಬಲ್ಲರು. ಆದ್ದರಿಂದಲೇ ಅದರಲ್ಲಿ ಒಂದು ಎಳೆ ಕಡಿಮೆಯಾದರೂ ಅವರಿಗೆ ನೋಯುತ್ತದೆ. ಇಂಥವರಿಗೆ ಅರ್ಧ ಕೊಟ್ಟರೆ ಸಾಕು, ತಿಳಿಯುವುದಿಲ್ಲ ಎಂದುಕೊಂಡವರು ಟಾಕೀಸಿನಲ್ಲಿ ಮಾತ್ರವಲ್ಲ, ಶಾಲೆಗಳಲ್ಲೂ ಕಚೇರಿಗಳಲ್ಲೂ ಕೂತಿದ್ದಾರೆ. ಪೂರ್ತಿ ಕೊಡಿ ಎಂದು ಕೇಳುವವರು ಎಲ್ಲ ಕಡೆಯೂ ಬಾಗಿಲ ಹೊರಗಿದ್ದಾರೆ.

ಇದು ೧೯೮೭. ಕೇಶರಬಾಯಿಯವರು ಅದೇ ಅಂಗಡಿಯಲ್ಲಿ ಹೊಲಿಯುತ್ತಾರೆ. ಕುಮುದ ವಾಗ್ಳೆಯವರ ಸಿನಿಮಾ ಸೋಲಾಪುರಕ್ಕೆ ಬಂತೆಂದು ತಿಳಿದರೆ ಗಯಾಬಾಯಿಯವರನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋಗುತ್ತಾರೆ, ಹೆಂಗಸರಿಗೆ ಪರದೆಯಿಲ್ಲದ ಟಾಕೀಸಿನಲ್ಲಿ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನೋಡುತ್ತಾರೆ, ಸಂಜೆಯ ಬಸ್ಸಿಗೆ ಮರಳುತ್ತಾರೆ.